ಟೇಲಿಗೆ ನೀರು ಮುಟ್ಟುವ ತನಕ

ಮೊನ್ನೆ ಭಾನುವಾರ ಬಾಯಿ ತುಂಬ ಮೀನಿನ ನೀರು ಕುಡಿದೆ. ಅಕ್ವೇರಿಯಂನ ಹಳೆಯ ಹಸಿರು ಪೈಪು ಬಿಸಿಲಿಗೆ ಸೀಳಿಹೋಗಿತ್ತು. ಹೊಸದನ್ನು ಜೋಡಿಸಿ, ಅಂಗಳದಲ್ಲಿದ್ದ ಅದರ ತುದಿಗೆ ಬಾಯಿ ಹಚ್ಚಿ ಎಳೆದೆ. ನೀರು ಬರುವ ಹೊತ್ತಿಗೆ ಸರಿಯಾಗಿ ಬಾಯಿ ತೆಗೆಯುವುದು ಒಂದು ವಿದ್ಯೆ, ಅದು ನನಗೆ ಇಷ್ಟು ವರ್ಷವಾದರೂ ಒಲಿದಿಲ್ಲ. ಪಾಚಿ, ಮೀನಿನ ಕಾಳು, ಹೊಸ ಪೈಪಿನ ವಾಸನೆ ಎಲ್ಲ ಸೇರಿದ ಆ ರುಚಿ ನಾಲಿಗೆಗೆ ತಗುಲಿದ್ದೇ ತಡ, ಪಕ್ಕದ ಮನೆಯ ಕಾಕಾ ನೆನಪಾದರು. ಒಬ್ಬ ಹಿರಿಯರನ್ನು ನೆನೆಯಲು ಇದಕ್ಕಿಂತ ಮರ್ಯಾದೆಯ ದಾರಿ ಇರಬೇಕು... ನನಗೆ ಸಿಕ್ಕಿದ್ದು ಇದೇ.

ಕಾಕಾ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದವರು. ಶಹಾಪುರದ ಕಡೆಗೆ ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದ ಹೊಸದರಲ್ಲಿ ನೌಕರಿಗೆ ಸೇರಿ, ಗೇಟು ಎತ್ತುತ್ತ ಇಳಿಸುತ್ತ ನಿವೃತ್ತರಾದರು. ಮನೆಗೆ ಬಂದ ಮೇಲೂ ಅವರ ಲೆಕ್ಕ ಕಾಲುವೆಯದೇ. ಚಹಾ ಬಸಿಯುವಾಗ ಕಾಕಿಗೆ, "ಇನ್ನ ಅರ್ಧ ಇಂಚು ಬಿಡು" ಅನ್ನುತ್ತಿದ್ದರು. ಕಾಕಿ ಸಿಟ್ಟಿನಲ್ಲಿದ್ದರೆ ನಮಗೆ ಗೋಡೆಯಾಚೆಯಿಂದ, "ಇವತ್ತ ಲೆವೆಲ್ ಭಾಳ ಏರ್ಯಾದ, ಈ ಕಡೆ ಬರಬ್ಯಾಡ್ರಿ" ಎಂದು ಎಚ್ಚರಿಕೆ ಕೊಡುತ್ತಿದ್ದರು.

ಅಕ್ವೇರಿಯಂ ತಂದದ್ದು ನಮ್ಮ ಯಜಮಾನರು. ವರ್ಗವಾಗಿ ಹೊರಟ ಅವರ ಸಾಹೇಬರೊಬ್ಬರು ಬಿಟ್ಟುಹೋದ ಐದು ಅಡಿಯ ಗಾಜಿನ ತೊಟ್ಟಿ, ಇಪ್ಪತ್ತೈದು ಕೊಡ ನೀರು ಹಿಡಿಯುತ್ತಿತ್ತು. ಒಳಗೆ ಒಂಬತ್ತು ಗೋಲ್ಡ್ ಫಿಶ್. ತಂದವರು ಅವರು, ನೀರು ಹೊತ್ತವಳು ನಾನು. ಪ್ರತಿ ಭಾನುವಾರ ಹನ್ನೆರಡು ಬಕೆಟ್ ಹೊರಗೆ, ಹನ್ನೆರಡು ಬಕೆಟ್ ಒಳಗೆ, ಅರ್ಧ ಬಕೆಟ್ ಹಾಲ್‌ನ ನೆಲದ ಮೇಲೆ. ಆದರೂ ಆ ಮೀನುಗಳೆಂದರೆ ನನಗೆ ಜೀವ. ದಿನವಿಡೀ ಐವತ್ತು ಮಕ್ಕಳಿಗೆ ಪಾಠ ಹೇಳಿ ಬಂದವಳಿಗೆ ಎದುರು ಮಾತಾಡದ ಪ್ರಾಣಿ ಮನೆಯಲ್ಲಿ ಅವೇ ಇದ್ದವು. ಎಲ್ಲಕ್ಕಿಂತ ದೊಡ್ಡದಕ್ಕೆ 'ಸಾಹೇಬ' ಎಂದು ಹೆಸರಿಟ್ಟಿದ್ದೆ. ನಾನು ಬಂದರೆ ಅದು ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು.

ಒಂದು ಭಾನುವಾರ ಏಳನೆಯ ಬಕೆಟ್ಟಿಗೆ ನನ್ನ ಸೊಂಟ ಹಿಡಿಯಿತು. ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದರು. ಯಜಮಾನರು ಆ ಮಾತನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು, ಅಂದರೆ ಬಕೆಟ್ ತಾವು ಎತ್ತಲಿಲ್ಲ, ತೊಟ್ಟಿಯನ್ನೇ ವಡಗೇರಾದ ತಮ್ಮ ಗೆಳೆಯರಿಗೆ ಕೊಡುತ್ತೇನೆಂದು ಮಾತು ಕೊಟ್ಟುಬಂದರು. ಅಲ್ಲಿಂದ ಮೂರನೆಯ ಭಾನುವಾರ ಆ ಗೆಳೆಯರು ಟೆಂಪೋ ತಗೊಂಡು ಬರುವುದೆಂದು ನಿಶ್ಚಯವಾಯಿತು. ನಾನು ಅಂಗಳದಲ್ಲಿ ಕುಳಿತು ಅತ್ತೆ. ಅದೂ ಸೊಂಟ ಹಿಡಿದುಕೊಂಡು.

ಗೋಡೆಯ ಮೇಲಿಂದ ಕಾಕಾ ಇಣುಕಿದರು. ಸಂಗತಿ ಕೇಳಿ ಅವರಿಗೆ ಸಿಟ್ಟೇ ಬಂತು. "ಬಕೀಟಿಲೆ ನೀರ ಹೊರಾಕತ್ತಿದ್ದೇನು? ಯವ್ವಾ, ನೀರು ಹೊರೂದಲ್ಲ, ಬಿಡೂದು! ನಿಮ್ಮ ಮನಿ ಅಂಗಳಕ್ಕಿಂತ ಮೂರ ಮೆಟ್ಟಲ ಮ್ಯಾಲ ಅದ. ಇನ್ನೇನ ಬೇಕು?"

ಮರುದಿನವೇ ಸರ್ವೆ ಶುರುವಾಯಿತು. ಹಾಲ್‌ನ ಕಿಟಕಿಯಿಂದ ಹಸಿರು ಪೈಪು ಅಂಗಳಕ್ಕೆ ಇಳಿಯಿತು. ಅಲ್ಲಿಂದ ನನ್ನ ದಾಸವಾಳಕ್ಕೆ, ಮಲ್ಲಿಗೆಗೆ, ನಿಂಬೆಗೆ ಒಂದೊಂದು ಕವಲು, ನೀರು ಬಿಡಲು, ನಿಲ್ಲಿಸಲು ತಿರುವುವ ಒಂದೊಂದು ಸಣ್ಣ ಕಾಕು. ಕೊನೆಗೆ ಕಾಂಪೌಂಡ್ ಗೋಡೆಗೆ ತೂತು ಕೊರೆದು ಕಾಕಿಯ ಕರಿಬೇವಿನ ಬುಡಕ್ಕೆ. ಕಾಲುವೆಯ ಲೆಕ್ಕದಲ್ಲಿ ನೀರು ಮೊದಲು ಸಿಗುವ ದಾಸವಾಳ ಹೆಡ್, ಕಡೆಗೆ ಸಿಗುವ ಕರಿಬೇವು ಟೇಲ್. ಗಿಡಗಳಿಗೆ ಪಾಳಿಯಂತೆ ನೀರು ಹಂಚುವ ವಾರಾಬಂದಿಯನ್ನೂ ಒಂದು ಹಾಳೆಯಲ್ಲಿ ಬರೆದು ಕಿಟಕಿಗೆ ಅಂಟಿಸಿದರು. ಕಾಕಿ ಮಾತ್ರ ಒಪ್ಪಲಿಲ್ಲ. ದಿನಾ ಲಿಂಗಪೂಜೆ ಮಾಡುವ ಮನೆಯ ಕರಿಬೇವಿಗೆ ಮೀನಿನ ನೀರೇ?

"ಕೃಷ್ಣಾದಾಗ ಮೀನ ಇಲ್ಲೇನು? ಇಷ್ಟು ವರ್ಷ ಅದ ನೀರ ಕುಡಿಯಾಕತ್ತಿ" ಎಂದರು ಕಾಕಾ. ಕಾಕಿ ಆ ಹೊತ್ತು ಕುಡಿಯುತ್ತಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟರು. ಮೂರು ದಿನ ಗೋಡೆಯಾಚೆ ಲೆವೆಲ್ ಇಳಿಯಲಿಲ್ಲ.

ಮೊದಲ ಭಾನುವಾರ ಯಜಮಾನರು ಯಾದಗಿರಿಗೆ ಹೋಗಿದ್ದರು. ಕಾಕಾ ಖಾಕಿ ಅಂಗಿ ತೊಟ್ಟು ಬಂದು, ಪೈಪಿನಿಂದ ನೀರು ಎಳೆದು, ಕಾಕು ತಿರುವಿ, ಕರಿಬೇವಿನ ಬುಡದಲ್ಲಿ ಹೋಗಿ ಕುಳಿತರು. ನಾನು ಒಳಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಇನ್ನು ಸೊಂಟದ ಕಾಟವಿಲ್ಲ ಎಂಬ ಸಂತೋಷಕ್ಕೆ ಹಾಡು ಕೂಡ ಗುನುಗುತ್ತಿದ್ದೆ. ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟಿದ ಸದ್ದಾಯಿತು. ಹೋಗಿ ನೋಡಿದರೆ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು! ಸಾಹೇಬ ಮಗ್ಗುಲಾಗಿ ಬಿದ್ದು ಬಾಲ ಬಡಿಯುತ್ತಿತ್ತು.

"ಕಾಕಾ, ಬಂದ್ ಮಾಡ್ರಿ! ಮೀನ ಸಾಯಾಕತ್ತಾವ!"

"ಜರಾ ತಡಿ ಯವ್ವಾ," ಅಂಗಳದಿಂದ ನಿಶ್ಚಿಂತೆಯ ದನಿ ಬಂತು, "ಟೇಲಿಗೆ ಇನ್ನಾ ಮುಟ್ಟಿಲ್ಲ!"

ಸೊಂಟ ಮರೆತು ಓಡಿ ಪೈಪು ಕಿತ್ತೆಸೆದೆ. ಹಿಟ್ಟಿನ ಪರಾತ ತೊಳೆಯುವಷ್ಟು ವ್ಯವಧಾನ ಇರಲಿಲ್ಲ. ಹಿಟ್ಟನ್ನು ಕಟ್ಟೆಯ ಮೇಲೆ ಕೊಡವಿ, ಅದಕ್ಕೇ ನೀರು ಸುರಿದು ಒಂಬತ್ತೂ ಮೀನು ಹಿಡಿದು ಬಿಟ್ಟೆ. ಜೋಳದ ಹಿಟ್ಟಿನ ಬಿಳಿ ನೀರಿನಲ್ಲಿ ಅವು ಮುಳುಗೇಳುತ್ತಿದ್ದವು. ಅದೃಷ್ಟಕ್ಕೆ ಒಂದೂ ಸಾಯಲಿಲ್ಲ. ಸಾಹೇಬ ಮಾತ್ರ ಎರಡು ದಿನ ಮೂಲೆಗೆ ಸೇರಿ ನನಗೆ ಬೆನ್ನು ತಿರುಗಿಸಿಕೊಂಡಿತ್ತು.

ಕಾಕಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು, ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಅವರು ನಾನು ಕಿತ್ತೆಸೆದ ಪೈಪನ್ನು ಸುತ್ತಿ ಗೋಡೆಗೆ ಒರಗಿಸಿಟ್ಟು ಹೋದರು. ವಾರವಿಡೀ ಗೋಡೆಯ ಮೇಲೆ ಅವರ ಮುಖ ಕಾಣಲಿಲ್ಲ.

ಎರಡನೆಯ ಭಾನುವಾರ ಬಂದರು. ಕೈಯಲ್ಲಿ ಗರಗಸದ ಬ್ಲೇಡು, ಪೈಪಿನ ಬಾಗಿದ ತುಂಡು, ಒಂದು ಡಬ್ಬಿ ಕೆಂಪು ಬಣ್ಣ. ಕೂಡ್ರಿ ಅಂದರೂ ಕೂರಲಿಲ್ಲ. "ನೌಕರಿಗೆ ಸೇರಿದ ಹೊಸದಾಗ ಒಮ್ಮೆ ಹುಕುಂ ಬಂತಂತ ಗೇಟ ಬಂದ್ ಮಾಡಿದ್ದೆ ಯವ್ವಾ. ಟೇಲಿನ ಊರಿನ ಪಾಳಿ ಇನ್ನಾ ಮುಗಿದಿರಲಿಲ್ಲ. ಅವರು ಬಂದ್ರು. ಬೈಲಿಲ್ಲ, ಹೊಡೀಲಿಲ್ಲ. ಸುಮ್ಮ ಗೇಟಿನ ಮುಂದ ಕುಂತ್ರು. ಅವತ್ತಿಂದ ಟೇಲಿಗೆ ಮುಟ್ಟೂತನಕ ನನ್ನ ಕೈ ಬಂದ್ ಮಾಡಂಗಿಲ್ಲ." ಆಮೇಲೆ ತಮಗೇ ಹೇಳಿಕೊಂಡಂತೆ, "ಗೇಟು ಮನುಷ್ಯಾನ ಕೈಯಾಗ ಇರಬಾರ್ದು" ಎಂದರು. ಜೀವನವಿಡೀ ಗೇಟು ಹಿಡಿದವರು ಆಡಿದ ಮಾತು ಅದು.

ಅವರು ಮಾಡಿದ್ದು ಇಷ್ಟೇ. ತೊಟ್ಟಿಯ ತಳದ ತನಕ ಇಳಿಯುತ್ತಿದ್ದ ಪೈಪನ್ನು ಕತ್ತರಿಸಿ, ಬಾಗಿದ ತುಂಡು ಜೋಡಿಸಿ, ಅದರ ಬಾಯಿ ಮೇಲಿನಿಂದ ಕಾಲು ಭಾಗದಲ್ಲೇ ನಿಲ್ಲುವಂತೆ ಬಿಗಿದರು. ನೀರು ಅಲ್ಲಿಗೆ ಇಳಿದೊಡನೆ ಪೈಪು ಗಾಳಿ ಕುಡಿದು ಗೊಟಕ್ ಎಂದು ತಾನೇ ನಿಲ್ಲುತ್ತದೆ. ಗಾಜಿನ ಮೇಲೆ ಅದೇ ಮಟ್ಟಕ್ಕೆ ಒಂದು ಕೆಂಪು ಗೆರೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಬೇಕಾದಷ್ಟಾಯಿತು, ಒಮ್ಮೆಗೇ ಹೊಸ ನೀರಾದರೆ ಮೀನು ಬೆದರುತ್ತವೆ ಎಂದರು. ಮಹಡಿಯ ಮೆಟ್ಟಿಲ ಮೇಲೆ ಒಂದು ಡ್ರಮ್ಮು ಇಡಿಸಿದರು. ನಳದ ನೀರನ್ನು ಹಿಂದಿನ ದಿನವೇ ಅದಕ್ಕೆ ತುಂಬಿದರೆ ಔಷಧಿಯ ವಾಸನೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಪೈಪು ತೊಟ್ಟಿಗೆ. ನೀರು ಬೀಳುವಲ್ಲಿ ತಳ ಕದಡದಂತೆ ಒಂದು ಹಳೆಯ ತಟ್ಟೆ. ಕಾಲುವೆಯಲ್ಲಾದರೆ ಅಲ್ಲಿ ಕಲ್ಲು ಹಾಸುತ್ತಾರಂತೆ. ಕರಿಬೇವಿಗೆ ಮೊದಲ ಪಾಳಿ, ದಾಸವಾಳಕ್ಕೆ ಕಡೆಯದು ಎಂದು ವಾರಾಬಂದಿಯನ್ನೂ ತಿರುವಿ ಬರೆದರು.

ಮೂರನೆಯ ಭಾನುವಾರ ಟೆಂಪೋ ಬಂತು. ವಡಗೇರಾದ ಗೆಳೆಯರು ಚಹಾ ಕುಡಿಯುತ್ತ ಕುಳಿತಿದ್ದಂತೆ ಕಾಕಾ ಅಂಗಳದಲ್ಲಿ ಪೈಪಿಗೆ ಬಾಯಿ ಹಚ್ಚಿ ಒಮ್ಮೆ ಎಳೆದರು. ನೀರು ತಾನೇ ಹೋಯಿತು, ತಾನೇ ನಿಂತಿತು, ಒಂದು ಕಾಕು ತಿರುವಿದರೆ ತಾನೇ ಬಂತು. ಕಾಕಾ ಗೋಡೆಯ ಕಡೆ ತಿರುಗಿ, "ಟೇಲಿಗೆ ಮುಟ್ಟ್ಯದೇನು?" ಎಂದು ಕೂಗಿದರು. "ಮುಟ್ಟ್ಯದ!" ಎಂದರು ಗೋಡೆಯಾಚೆಯಿಂದ ಕಾಕಿ. ಗೆಳೆಯರು ಚಹಾದ ಬಸಿ ಕೆಳಗಿಟ್ಟು, "ಈ ಕಾಕಾರನ್ನೂ ಕೊಡೂದಾದ್ರ ಒಯ್ತೀನ್ರಿ. ಬರೇ ತೊಟ್ಟಿ ಒಯ್ದು ನಾ ಏನ್ ಮಾಡ್ಲಿ? ನನಗೂ ಸೊಂಟ ಅದ" ಎಂದರು. ಟೆಂಪೋ ಖಾಲಿ ಹೋಯಿತು. ನಾನು ಕಾಕಾರ ಕಾಲಿಗೆ ಬಿದ್ದೆ. ಏಳುವಾಗ ಸೊಂಟ ಹಿಡಿಯಿತು, ಕಾಕಿ ಬಂದು ಎಬ್ಬಿಸಿದರು.

ಆಮೇಲೆ ಎಷ್ಟೋ ವರ್ಷ ಭಾನುವಾರವೆಂದರೆ ಆ ಕೂಗು, ಆ ಉತ್ತರ. ಬೇಕಿರಲಿಲ್ಲ, ನೀರು ತಾನೇ ನಿಲ್ಲುತ್ತಿತ್ತು. ಆದರೂ ಕಾಕಾ ಖಾಕಿ ಅಂಗಿ ತೊಟ್ಟು ಬರುವುದು ಬಿಡಲಿಲ್ಲ... ಅವರು ತೀರಿಕೊಂಡ ವಾರ ನಾನು ತೊಟ್ಟಿಯ ಕಡೆ ನೋಡಿರಲಿಲ್ಲ. ಮುಂದಿನ ಭಾನುವಾರ ಒಬ್ಬಳೇ ಪೈಪು ಎಳೆದು ಕಾಕು ತಿರುವಿದೆ. ಯಾರೂ ಕೂಗಲಿಲ್ಲ. ನೀರು ಕೆಂಪು ಗೆರೆಗೆ ಇಳಿದು ಗೊಟಕ್ ಎಂದು ನಿಂತಿತು. ತಾವು ಇಲ್ಲದಿದ್ದರೂ ನಡೆಯುವ ಹಾಗೆ ಮಾಡಿಟ್ಟು ಹೋಗಿದ್ದರು. ಅದಕ್ಕೇ ನನಗೆ ತಡೆಯಲಾರದಷ್ಟು ಅಳು ಬಂತು.

ಸಾಹೇಬನೂ ಈಗಿಲ್ಲ, ತೊಟ್ಟಿಯಲ್ಲಿರುವುದು ಬೇರೆ ಮೀನುಗಳು. ಕೆಂಪು ಗೆರೆ ಮಾಸಿದೆ, ಕರಿಬೇವು ಗೋಡೆಗಿಂತ ಎತ್ತರ ಬೆಳೆದಿದೆ. ಮೊನ್ನೆ ಬಾಯಿ ಮುಕ್ಕಳಿಸಿ, ಕಾಕು ತಿರುವಿ, ಏನು ಅನ್ನಿಸಿತೋ, ಗೋಡೆಯ ಕಡೆ ತಿರುಗಿ ನಾನೇ ಕೂಗಿದೆ.

"ಟೇಲಿಗೆ ಮುಟ್ಟ್ಯದೇನ್ರಿ?"

ಗೋಡೆಯಾಚೆ ಕರಿಬೇವಿನ ಬುಡದಿಂದ ಕಾಕಿಯ ದನಿ ಬಂತು. "ಮುಟ್ಟ್ಯದ ಯವ್ವಾ. ಇನ್ನಾ ಜರಾ ಬಿಡು."

ಅದು ತಾನೇ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. "ಆತ್ರಿ ಕಾಕಿ, ಬಿಡ್ತೀನಿ" ಎಂದೆ.