ಕೆಳಮನೆಯ ನರಕಾಧಿಪತಿ

ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸದಾ ಕೆಂಪು ಇರುತ್ತಿತ್ತು. ದೇವರ ಫೋಟೊ ಒಂದೂ ಇಲ್ಲದ ಮನೆಯಲ್ಲಿ ಒಂಟಿಯಾಗಿರುವ ಗಂಡಸಿನ ಉಗುರಿಗೆ ಕುಂಕುಮ ಎಲ್ಲಿಂದ ಬಂತು ಎಂಬುದು ಬೆಂಗಳೂರಿನ ಶ್ರೀನಗರದ ನಮ್ಮ ಕಟ್ಟಡದವರ ಮೊದಲ ಅನುಮಾನ.

ಅವರು ಕೆಳಮನೆಯ ಬಾಡಿಗೆದಾರರು, ನಾನು ಮೇಲಿನವನು. ಎಲ್ಲಿ ಕೆಲಸವೆಂದು ಕೇಳಿದರೆ "ಜಯನಗರದಲ್ಲಿ" ಎನ್ನುತ್ತಿದ್ದರು. ಅದು ನಿಜ, ಆದರೆ ಉತ್ತರವಲ್ಲ. ಇಂಥ ಉತ್ತರ ಕೊಡುವವರ ಮೇಲೆ ಕಣ್ಣಿಡುವುದು ವರದಿಗಾರನಾದ ನನಗೆ ಅಭ್ಯಾಸ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ನಾಲ್ಕೈದು ಹುಡುಗ ಹುಡುಗಿಯರು ಬರುತ್ತಿದ್ದರು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗಿನಿಂದ "ನಿನ್ನ ಆತ್ಮ ಕೊಡು" ಎಂಬ ದನಿ, ಹಿಂದೆಯೇ ನಗು. ಒಮ್ಮೆ ನೀರಿನ ಮೋಟರ್ ಹಾಕಲು ಹೋದ ಓನರ್ ಆಂಟಿಗೆ ಕಿಟಕಿಯಲ್ಲಿ ಕಂಡದ್ದು ಯಾರೂ ಇಲ್ಲದ ಕುರ್ಚಿ, ಅದರ ಮುಂದೆ ಹಬೆಯಾಡುವ ಕಾಫಿ.

"ಪೇಪರ್‌ನೋರು ನೀವು, ಹೋಗಿ ನೋಡ್ಕೊಂಡ್ ಬನ್ನಿ," ಎಂದರು ಆಂಟಿ. "ಮಾಟ ಗೀಟ ಏನಾದ್ರೂ ಇದ್ರೆ ಈ ತಿಂಗಳೇ ಖಾಲಿ ಮಾಡಿಸ್ತೀನಿ."

ಹೋದೆ. ಮೇಜಿನ ಮೇಲೆ ಕೊಂಬಿರುವ ಹೆಬ್ಬೆರಳುದ್ದದ ಪಿಶಾಚಿ ಗೊಂಬೆಗಳು, ಕೈಯಲ್ಲಿ ಬರೆದ ನರಕದ ನಕ್ಷೆ, ದಾಳಗಳು. ಉಗುರಿನ ಕೆಂಪು ಆ ಗೊಂಬೆಗಳಿಗೆ ಹಚ್ಚುವ ಬಣ್ಣ. ಮಾಟವಲ್ಲ, ಆಟ. ಆಟಗಾರರು ಒಂದೊಂದು ಪಾತ್ರವಾಗಿ ನರಕಕ್ಕಿಳಿಯಬೇಕು. ಪಿಶಾಚಿಗಳ ಮಾತನ್ನೆಲ್ಲ ಆಡುವವರು ಕೆಳಮನೆಯ ಇವರೊಬ್ಬರೇ. ಇವರ ನರಕದಲ್ಲಿ ಬೆಂಕಿಗಿಂತ ಮರ್ಯಾದೆ ಜಾಸ್ತಿ. ಪಿಶಾಚಿಗಳು "ಬನ್ನಿ, ಕೂತ್ಕೊಳ್ಳಿ" ಎನ್ನುತ್ತವೆ. ಸುಳ್ಳು ಹೇಳುವುದಿಲ್ಲ, ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಡುತ್ತವೆ. ಒಪ್ಪಂದಕ್ಕೆ ಕೈ ಕುಲುಕುವ ಮೊದಲು "ಏನು ಹೇಳ್ಲಿಲ್ಲ?" ಎಂದು ಕೇಳಿದರೆ ಹೇಳಲೇಬೇಕು. ಕೇಳಲು ಮರೆತವರು ನರಕದಲ್ಲಿ ಸಿಕ್ಕಿಬಿದ್ದಂತೆ. ಕುರ್ಚಿ ಬಿಟ್ಟು ಗೋಡೆಗೊರಗಿ ನಿಲ್ಲಬೇಕು. ಉಳಿದವರು ಬಿಡಿಸಿಕೊಂಡು ಬರುವವರೆಗೆ ಆ ಕುರ್ಚಿಗೂ ಕಾಫಿ.

"ಅದ್ಯಾಕೆ?" ಎಂದೆ.

"ವಾಪಸ್ ಬರ್ತಾರೆ ಅನ್ನೋದು ಮರೀಬಾರ್ದಲ್ಲ ಸಾರ್."

ನನ್ನ ವರದಿಯನ್ನು ಆಂಟಿ ನಂಬಲಿಲ್ಲ. ಮುಂದಿನ ಭಾನುವಾರ ತಾವೇ ಬಂದು ಕುಳಿತರು. ಅಂದು ಗೋಡೆಗೊರಗಿ ನಿಂತಿದ್ದವಳು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿಯ ಹುಡುಗಿ. "ನೀವರೆ ಬಿಡಸ್ರಿ ಆಂಟಿ, ಕಾಲು ನೋಯಾಕ್ಹತ್ತಾವು," ಎಂದಳು.

ಇವರು ದನಿ ತಗ್ಗಿಸಿ ಪಿಶಾಚಿಯಾದರು. "ಈಗ್ಲೇ ಬಿಡ್ತೀನಿ ತಾಯಿ. ನಿಮ್ಮದೊಂದು ವಸ್ತು ಕೊಟ್ರೆ ಸಾಕು."

ಆಂಟಿ ಕೈಕಟ್ಟಿದರು. "ಏನಯ್ಯಾ ಮುಚ್ಚಿಡ್ತಿದ್ದೀಯ? ಎಂತೆಂಥ ಟೆನೆಂಟ್‌ಗಳನ್ನ ನೋಡಿದೀನಿ ನಾನು. ಯಾವ ವಸ್ತು, ಮೊದ್ಲು ಅದ್ಹೇಳು."

"ನಿಮ್ಮ ಹೆಸರು," ಎಂದು ಪಿಶಾಚಿ ಒಪ್ಪಿಕೊಂಡಿತು.

"ಅಷ್ಟೇನಾ? ಹೆಂಗೂ ಎಲ್ರೂ ಆಂಟಿ ಅಂತಾನೇ ಕರೆಯೋದು. ಇಟ್ಕೋ. ಹುಡುಗೀನ ಬಿಡು."

ಅವರು ಪಿಶಾಚಿಯ ದನಿ ಮರೆತು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೆ ನಿಂತಿತು, ಅನುಮಾನ ನಿಲ್ಲಲಿಲ್ಲ. ವಾರವಾರವೂ ಬಂದು ಕೂರತೊಡಗಿದ ಆಂಟಿಯ ಕಣ್ಣು ಗೊಂಬೆಗಳಿಗಿಂತ ಇವರ ಮೇಲೆಯೇ ಇರುತ್ತಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದದ್ದನ್ನು ಕಂಡುಹಿಡಿದವರೂ ಅವರೇ.

"ಡಯಟ್ಟು ಆಂಟಿ. ಡಾಕ್ಟ್ರೇ ಹೇಳಿರೋದು."

"ಏನು ಹೇಳ್ಲಿಲ್ಲ?"

ಯಾರೂ ನಗಲಿಲ್ಲ. ನಿಯಮ ಅವರದೇ. ಬೆರಳ ನಡುವೆ ಹೊರಳಿಸುತ್ತಿದ್ದ ದಾಳವನ್ನು ಮೇಜಿನ ಮೇಲಿಟ್ಟರು. "ಹೊಟ್ಟೇಲಿ ಕ್ಯಾನ್ಸರ್. ಗೊತ್ತಾಗಿದ್ದೇ ತಡವಾಗಿ. ಹೇಳಿದ್ರೆ ಮನೆ ಬಿಡಿ ಅಂತೀರೇನೋ ಅಂತ..."

"ಬಾಯ್ಮುಚ್ಚಿ," ಎಂದರು ಆಂಟಿ. ಮರುದಿನದಿಂದ ಕೆಳಮನೆಗೆ ಗಂಜಿ ಹೋಗತೊಡಗಿತು. ಆಸ್ಪತ್ರೆಗೆ ನಾವೆಲ್ಲ ಸರದಿಯ ಮೇಲೆ ಹೋದೆವು.

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಪತ್ರಿಕಾಗೋಷ್ಠಿಗಳಲ್ಲಿ ಎಲ್ಲರ ಪ್ರಶ್ನೆಗಳು ಮುಗಿದ ಮೇಲೆ ನಾನೀಗ ಕೇಳುವುದು ಅವರ ಪ್ರಶ್ನೆಯನ್ನೇ. ಬಹಳ ಸಲ ಸುದ್ದಿ ಸಿಗುವುದು ಅಲ್ಲಿಂದಲೇ.

ಅವರಿಲ್ಲದ ಮೊದಲ ಭಾನುವಾರವೂ ಎಲ್ಲರೂ ಬಂದರು. ದಾಳ ಮುಟ್ಟಲು ಯಾರಿಗೂ ಮನಸ್ಸಿಲ್ಲ. ಆಂಟಿ ಕಾಫಿ ತಂದು ಹಂಚಿದರು. ತೀರಿಹೋದವರ ಖಾಲಿ ಕುರ್ಚಿಯ ಮುಂದೆಯೂ ಒಂದು ಲೋಟ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಹಿಂಗೆ ಕೂತ್ರೆ ಹೆಂಗೆ? ಇಳೀರಿ ನರಕಕ್ಕೆ. ಆ ಮನುಷ್ಯನ್ನ ಬಿಡಿಸ್ಕೊಂಡು ಬರೋರು ಯಾರು?"