ಬರೆದಷ್ಟೇ ಹೊಡೆದ ದಿನ

1979ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟ ನಾನು, ಟೈಪಿಂಗ್ ಕಲಿತು ಕೆಜಿಎಫ್‌ನ ಕಾರ್ಖಾನೆಯೊಂದರ ಕಂಪ್ಯೂಟರ್ ರೂಮಿಗೆ ಸೇರಿದೆ. ಧಾರವಾಡ ಕಡೆಯ ಪ್ರೋಗ್ರಾಮರ್ ಮೇಡಂ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಪೆನ್ನಿನ ಮುಚ್ಚಳ ಕಚ್ಚುತ್ತಾ, "ಬರದಷ್ಟ ಹೊಡಿಯಪಾ, ನಿಂದೊಂದು ಕೂಡಸಬ್ಯಾಡ" ಎನ್ನುತ್ತಿದ್ದರು.

ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಬಂತು. 'ಹಳೇ ಪದ್ಧತಿ' ಎಂಬ ಆಪ್ಷನ್ ಟೈಪ್ ಮಾಡದಿದ್ದರೆ ಅದರಿಂದ ತಯಾರಾದ ಪ್ರೋಗ್ರಾಂ ಫೈಲಿನಲ್ಲಿದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯುತ್ತಿತ್ತು. ಒಂದು ದಿನ ನಾನು ಚೀಟಿಯಲ್ಲಿದ್ದಷ್ಟೇ ಹೊಡೆದೆ, ಬಿಡಿಭಾಗಗಳ ಲೆಕ್ಕದ ಫೈಲು ಪೂರಾ ಖಾಲಿಯಾಯಿತು.

"ಓದ್ದೇ ಇರೋನ್ನ ಕೂರ್ಸಿದ್ರೆ ಇನ್ನೇನಾಯ್ತದೆ? ನಾಳಿಂದ ಬರಬ್ಯಾಡ ಓಗ್ಲಾ!" ಎಂದರು ಮ್ಯಾನೇಜರು.

ಮೇಡಂ ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಆ ದಿನದ ಚೀಟಿ ಕಿತ್ತು ಎಲ್ಲರೆದುರು ಹಿಡಿದರು. "ಆಪ್ಷನ್ ಬರಿಯೋದು ನಾನ ಮರ್ತೀನ್ರಿ. ಇವಂದೇನೂ ತಪ್ಪಿಲ್ಲ."

ಕೆಳಗಿನವನಿಗಾಗಿ ತಪ್ಪು ಒಪ್ಪಿಕೊಂಡ ಆಫೀಸರನ್ನು ಅದುವರೆಗೂ ನಾನು ಕಂಡಿರಲಿಲ್ಲ.

ನನ್ನ ಕೆಲಸ ಉಳಿಯಿತು. ಈಗ ನನಗೆ ಅದೇ ಕಾರ್ಖಾನೆಯ ಪಿಂಚಣಿ, ಬಂಗಾರಪೇಟೆಯಲ್ಲಿ ಎರಡು ಕೋಣೆಯ ಮನೆ, ಮೂರು ಹಸು ಇವೆ.