ಎಡಸುತ್ತು, ಬಲಸುತ್ತು

ಬೆಳಿಗ್ಗೆ ಮನೆ ಬಿಡುವಾಗ ಗ್ಯಾಸ್ ಆರಿಸಿದೆನೇ ಎಂದು ನೋಡುವುದು, ಬೀಗ ಹಾಕಿ ಜಗ್ಗುವುದು, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಇನ್ನೊಮ್ಮೆ ಜಗ್ಗುವುದು ನನ್ನ ನಿತ್ಯಪೂಜೆ. ಇಂದು ಪೂಜೆ ತುಸು ಹೆಚ್ಚೇ ಆಯಿತು. ಅತ್ತೆಯವರನ್ನು ಮೊದಲ ಸಲ ಮೂಸಿ ನದಿಯ ದಂಡೆಯ ಹಳೆಯ ಉದ್ಯಾನಕ್ಕೆ ವಾಕಿಂಗಿಗೆ ಕರೆದೊಯ್ಯಬೇಕಿತ್ತು. ಈಚೆಗೆ ಅವರಿಗೆ ಮರೆವು. ಹೋದ ವಾರ ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲೇ ಮನೆ ಯಾವುದೆಂದು ತಿಳಿಯದೆ ನಿಂತಿದ್ದರು. "ಅವ್ವನ ಕೈ ಬಿಡಬ್ಯಾಡ ನೋಡು" ಎಂದು ನಮ್ಮ ಮನೆಯವರು ಹೇಳಿಯೇ ಆಫೀಸಿಗೆ ಹೋದದ್ದು.

ನಿಜಾಮರ ಕಾಲದ ಕಮಾನು. ಗೋಡೆಯಾಚೆ, ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುವ ನದಿ. ನಡೆಯುವ ದಾರಿಯ ಮೇಲೆ ಬಿಳಿ ಬಾಣಗಳು ಎಡಸುತ್ತು ತೋರಿಸುತ್ತಿದ್ದವು. ಕಾನ್ವೆಂಟಿನಲ್ಲಿ ಕಲಿತವಳು ನಾನು, ಬಾಣ ಕಂಡರೆ ಕಾಲು ತಾನೇ ಅತ್ತ ತಿರುಗುತ್ತದೆ. ಅತ್ತೆ ಮಾತ್ರ ನಿಂತೇಬಿಟ್ಟರು.

"ಎಡಕ್ಕ ಸುತ್ತೂದು ಸುಡುಗಾಡಿನ್ಯಾಗ, ಹುಚ್ಚಿ. ನಾ ಬಲಕ್ಕ ಹೊಂಟೆ."

"ಎಲ್ಲಾರೂ ಎದುರು ಬರ್ತಾರ್ರೀ ಅತ್ತಿ!"

"ಬರ್ಲಿ. ನೀ ನಿನ್ನ ಬಾಣದ ಹಿಂದ ಹೋಗು. ಮುಂದ ಭೆಟ್ಟಿ ಆಗೂಣು."

ಲೆಕ್ಕವೇನೋ ಸರಿ. ದೇವರು, ಸೂರ್ಯ, ಗಡಿಯಾರ ಎಲ್ಲರೂ ಅತ್ತೆಯ ಪಕ್ಷ; ನನ್ನ ಕಡೆ ಬರೀ ಬಣ್ಣದ ಬಾಣ. ಕೈ ಬಿಟ್ಟೆ.

ಅರ್ಧ ಸುತ್ತಾಯಿತು, ಎದುರಾಗಲಿಲ್ಲ. ಇನ್ನೂ ನಡೆದೆ, ಇಲ್ಲ. ಬೆಂಚಿನ ಕೆಳಗೊಂದು ಒಂಟಿ ಚಪ್ಪಲಿ. ಅತ್ತೆಯದು ಕಂದು, ಇದು ಕಪ್ಪು. ಆದರೂ ಬಗ್ಗಿ ನೋಡಿದೆ. ನದಿಯ ಕಡೆಯ ಗೋಡೆ ಇಷ್ಟು ಗಿಡ್ಡವೆಂದು ಆಗಲೇ ಕಣ್ಣಿಗೆ ಬೀಳಬೇಕೆ? ಒಂದು ಕಾಲಕ್ಕೆ ಊರನ್ನೇ ಮುಳುಗಿಸಿದ ಮೂಸಿಯಲ್ಲಿ ಈಗ ಮೊಳಕಾಲುದ್ದ ನೀರು; ಪ್ರವಾಹ ಬಂದದ್ದು ನನ್ನ ಎದೆಯಲ್ಲಿ. 'ಹುಲ್ಲು ತುಳಿಯಬೇಡಿ' ಎಂಬ ಫಲಕವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ದಾಟಿ, ಹುಲ್ಲಿನ ಮೇಲೇ ಓಡಿದೆ.

ಉದ್ಯಾನದ ನಡುವೆ ಅಶ್ವತ್ಥ. ಬುಡದಲ್ಲಿ ಜೋಡಿಸಿಟ್ಟ ಕಂದು ಚಪ್ಪಲಿ. ಅತ್ತೆ ಕೈಮುಗಿದು ಮರವನ್ನು ಸುತ್ತುತ್ತಿದ್ದರು, ಬಲಕ್ಕೆ.

"ಎಲ್ಲಿ ಹೋಗಿದ್ದಿ? ಗಿಡಾ ಬಿಟ್ಟು ಬರೇ ಹಾದಿ ಯಾರರ ಸುತ್ತತಾರೇನು?"

ನನ್ನ ಕೈಯನ್ನು ಅವರೇ ಹಿಡಿದುಕೊಂಡರು. ಉಳಿದ ಸುತ್ತುಗಳನ್ನು ಇಬ್ಬರೂ ಕೂಡಿ ಮುಗಿಸಿದೆವು. ಮನೆಯವರ ಕಿವಿಗೆ ಇದನ್ನು ಹಾಕುವುದೋ ಬೇಡವೋ ಎಂದು ದಿನವಿಡೀ ಚಿಂತಿಸಿದೆ.

ಸಂಜೆ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಸಾವಿತ್ರಕ್ಕ ಹೊಸ್ತಿಲಲ್ಲೇ ನಕ್ಕರು. "ಪಾರ್ಕಿನ್ಯಾಗ ನೀವು ಕಳದುಹೋಗಿದ್ರಂತಲ್ರೀ? 'ನನ್ನ ಸೊಸಿ ಭಾಳ ಅಂಜತಾಳ, ನಾಳಿಂದ ಆಕಿ ಕೈ ಬಿಡೂದಿಲ್ಲ' ಅಂತ ನಿಮ್ಮತ್ತಿ ಹೇಳಾಕತ್ತಿದ್ರು."